ಇವಳ ಸ್ವಭಾವ ನಂಗೊತ್ತು

"ಇತ್ತೀಚೆಗೆ ಇವಳು ಎದುರು ಮಾತಾಡ್ತಾಳೆ ಮೇಡಂ, ಸ್ವಲ್ಪ ಸರಿ ಮಾಡಿ ಕೊಡಿ," ಎಂದು ಗಂಡ ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ತಂದವನ ಹಾಗೆ ಹೇಳಿದ.

ಮೊದಲು ಇವರ ವ್ಯಕ್ತಿತ್ವ ಎಂಥದ್ದೆಂದು ತಿಳಿಯೋಣ ಎನ್ನುತ್ತ ಆಪ್ತಸಮಾಲೋಚಕಿ ಹೆಂಡತಿಯ ಕಡೆ ತಿರುಗಿದರು. "ಜನ ಸೇರಿದ ಕಡೆ ನಿಮಗೆ ಹೇಗನ್ನಿಸುತ್ತೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ, "ಮದುವೆಮನೆಗೆ ಹೋದ್ರೂ ಮೂಲೆ ಹುಡುಕ್ಕೊಂಡು ಕೂತ್ಕೋತಾಳೆ," ಎಂದ.

"ಅವರೇ ಹೇಳಲಿ."

"ಇವಳಿಗೇನು ತಿಳಿಯುತ್ತೆ? ಇವಳ ಸ್ವಭಾವ ನಂಗೊತ್ತು, ನೀವು ಬರ್ಕೊಳ್ಳಿ. ಕಣ್ಣಿಗೆ ಹೊಡೆಯೋ ಬಣ್ಣದ ಬಟ್ಟೆ ಮುಟ್ಟೋದೂ ಇಲ್ಲ."

ಸಮಾಲೋಚಕಿ ಅವಳು ಉಟ್ಟಿದ್ದ ಗಿಳಿಹಸಿರು ಸೀರೆಯನ್ನು ಒಮ್ಮೆ ನೋಡಿದರು. "ಸಿಟ್ಟು ಬಂದರೆ ಏನ್ಮಾಡ್ತೀರಿ?"

"ಸಿಟ್ಟೆಲ್ಲಿ ಬರುತ್ತೆ ಇವಳಿಗೆ? ಬೈದ್ರೆ ಬಚ್ಚಲಿಗೆ ಹೋಗಿ, ಯಾರಿಗೂ ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡು ಅಳ್ತಾಳೆ."

ಗಂಡ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅದೇ ಅವಳ ಮೈ ಉರಿಸಿತು.

ಸಮಾಲೋಚಕಿ ಪೆನ್ನು ಕೆಳಗಿಟ್ಟರು. "ಇದೆಲ್ಲ ಅಂತರ್ಮುಖಿಗಳ, ತೀರಾ ಮೆದು ಸ್ವಭಾವದವರ ಲಕ್ಷಣ. ಇಂಥವರು ಎದುರು ಮಾತಾಡೋದೇ ಇಲ್ಲ. ಎಲ್ಲೋ ತಪ್ಪಾಗಿದೆ."

"ಏನೂ ತಪ್ಪಾಗಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದೀನಿ, ಹೆಂಡತಿ ಎಂಥವಳು ಅಂತ ಗೊತ್ತಿರಲ್ವಾ?" ಎಂದು ಗಂಡ ದನಿ ಏರಿಸಿದ.

"ಹೌದು ಮೇಡಂ, ಇವರು ಹೇಳಿದ್ದೆಲ್ಲ ಸರಿಯಾಗೇ ಇದೆ," ಎಂದು ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಅದು ಇವರ ಮೊದಲನೇ ಹೆಂಡತಿ, ತೀರಿಹೋದ ನನ್ನ ಅಕ್ಕ. ಈಗ ನನ್ನ ಬಗ್ಗೆ ನನ್ನನ್ನ ಕೇಳಿ."