ಐವತ್ತೆರಡನೆಯ ಭಾಗಾಕಾರ

"ನನ್ನ ಹೆಸರು ತೆಗೆದುಬಿಡಿ ಅಂತ ನಾಳೆ ಟೀಚರಿಗೆ ಹೇಳ್ತೀನಿ," ಎಂದು ಮಗಳು ಪೆನ್ಸಿಲನ್ನು ಮೇಜಿನ ಮೇಲೆ ಎಸೆದಳು. ಅದು ಉರುಳಿ ಕೆಳಗೆ ಬಿದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು.

ಅಮ್ಮ ಹಿಟ್ಟಿನ ಜರಡಿ ಹಿಡಿದೇ ಬಗ್ಗಿ ನೋಡಿದಳು. ಮೂರು ದಿನದಿಂದ ಮನೆಯಲ್ಲಿ ಇದೇ ಗೋಳು. ಸಾಲಾಗಿ ಏಳು ಒಂದುಗಳು: 11,11,111. ಒಂದನ್ನೂ ಇದನ್ನೂ ಬಿಟ್ಟು, ಇದನ್ನು ಶೇಷ ಉಳಿಯದಂತೆ ಭಾಗಿಸುವ ಬೇರೆ ಸಂಖ್ಯೆಯನ್ನು ಹುಡುಕಿ ತಂದವರಿಗಷ್ಟೇ ಗಣಿತ ಸ್ಪರ್ಧೆಯ ತಂಡದಲ್ಲಿ ಜಾಗ. ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ. ನಾಳೆಯೇ ಕೊನೆಯ ದಿನ. ಮಗಳು ಎರಡರಿಂದ ಹಿಡಿದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತ ಬಂದಿದ್ದಳು. ನೋಟ್‌ಬುಕ್ ಮುಗಿದಿತ್ತು, ಹಳೆಯ ಕ್ಯಾಲೆಂಡರಿನ ಬೆನ್ನು ಮುಗಿದಿತ್ತು, ಈಗ ಕರೆಂಟ್ ಬಿಲ್ಲಿನ ಸರದಿ.

"ಎಷ್ಟಾಯ್ತೇ?"

"ಐವತ್ತೊಂದು! ಇನ್ನೂರ ಮೂವತ್ಮೂರರ ತನಕ ಬಂದೆ. ಅದರಲ್ಲೂ ನೂರ ಅರವತ್ತೇಳು ಉಳೀತು. ಇದು ಯಾವುದಕ್ಕೂ ಬಗ್ಗಲ್ಲಮ್ಮಾ, ಹಠಮಾರಿ."

"ನಿನ್ನ ಹಾಗೇ."

"ತಮಾಷೆ ಬೇಡ. ನಂಗೆ ಗಣಿತ ಬರಲ್ಲ, ಅಷ್ಟೇ." ಬಚ್ಚಲುಮನೆಯ ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಹೊಸ್ತಿಲಲ್ಲಿದ್ದ ಪೆನ್ಸಿಲನ್ನು ಎತ್ತಿಕೊಂಡು ಅಮ್ಮ ಮೇಜಿನ ಬಳಿ ಹೋದಳು. ಅವಿಭಾಜ್ಯ ಸಂಖ್ಯೆಗಳ ಉದ್ದದ ಪಟ್ಟಿ. 233ರವರೆಗೆ ಎಲ್ಲಕ್ಕೂ ಗೀಟು. ಅದರ ಕೆಳಗೆ 239. ಅರ್ಧ ತೊಳೆದ ಪಾತ್ರೆಯಾಗಲಿ, ಅರ್ಧ ಮಡಚಿದ ಬಟ್ಟೆಯಾಗಲಿ, ಅರ್ಧಕ್ಕೆ ಬಿಟ್ಟದ್ದನ್ನು ಕಂಡರೆ ಅವಳಿಗೆ ಕೈ ಸುಮ್ಮನಿರದು. ಅಡುಗೆಮನೆಗೆ ಬಂದವಳೇ, ಅಗಲ ತಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟನ್ನು ಅಂಗೈಯಿಂದ ಸವರಿ, ಬೆರಳಿನಿಂದ ಭಾಗಾಕಾರಕ್ಕೆ ಗೆರೆ ಎಳೆದಳು. "ದರಿದ್ರ ಲೆಕ್ಕ. ಮಗುವಿನ ಪ್ರಾಣ ತಿಂತಿದೆ," ಎಂದು ಗೊಣಗುತ್ತ ನಾಲ್ಕು ಬರೆದಳು, ಆರು, ಮತ್ತೆ ನಾಲ್ಕು. ಕೊನೆಗೆ ಒಂಬತ್ತು. ಕಳೆದರೆ ಏನೂ ಉಳಿಯಲಿಲ್ಲ. ಮತ್ತೊಮ್ಮೆ ಕಳೆದಳು. ಸೊನ್ನೆ.

ಮಗಳನ್ನು ಕೂಗಲು ಬಾಯಿ ತೆರೆದಳು. ಬಚ್ಚಲುಮನೆಯ ನಲ್ಲಿ ನಿಂತಿತು. ಚಿಲಕ ಸರಿಯಿತು. ಅಮ್ಮ ತೆರೆದ ಬಾಯಿ ಮುಚ್ಚಿ, ಪಕ್ಕದಲ್ಲಿದ್ದ ಚೊಂಬಿನ ನೀರನ್ನೆಲ್ಲ ಹಿಟ್ಟಿಗೆ ಸುರಿದುಬಿಟ್ಟಳು.

"ಇನ್ನೊಂದೇ ಒಂದು ಮಾಡು," ಎಂದಳು ತಲೆಯೆತ್ತದೆ. "ಆಮೇಲೆ ಬೇಕಾದ್ರೆ ಹೆಸರು ತೆಗೆಸು."

"ಅಮ್ಮಾ! ಸಾಕಾಗಿ ಹೋಗಿದೆ ನಂಗೆ!"

"ಇವತ್ತಿನ ಪಾತ್ರೆ ನಾನೇ ತೊಳೀತೀನಿ."

ಮಗಳು ಕಾಲು ಅಪ್ಪಳಿಸುತ್ತ ಹೋಗಿ ಕುಳಿತಳು. ಪೆನ್ಸಿಲು ಸಿಟ್ಟಿನಿಂದ ಗೀಚಿತು. ನಡುವೆ ಒಮ್ಮೆ ನಿಂತಿತು, ಮತ್ತೆ ಗೀಚಿತು. ಇದ್ದಕ್ಕಿದ್ದಂತೆ ಕುರ್ಚಿ ಉರುಳಿತು.

"ಅಮ್ಮಾ! ಸಿಕ್ತು! ನಾನೇ ಹುಡುಕಿದೆ!" ಓಡಿ ಬಂದ ಮಗಳು ಅಮ್ಮನ ಕೊರಳಿಗೆ ಜೋತುಬಿದ್ದಳು. ಹಾಗೇ ತಟ್ಟೆಯತ್ತ ಇಣುಕಿ ಮೂಗು ಮುರಿದಳು. "ಇದೇನಮ್ಮಾ, ಹಿಟ್ಟನ್ನ ಹೀಗೆ ಗಂಜಿ ಮಾಡಿದ್ದೀಯ?"

"ಲೆಕ್ಕ ತಪ್ತು ಕಣೇ," ಎಂದಳು ಅಮ್ಮ.