ಎಂಬತ್ತು ಗ್ರಾಂ

ಎರಡು ಕಿಲೋದ ತೂಕದ ಬಟ್ಟು ಇಟ್ಟರೆ ಮಕ್ಕಳ ವಾರ್ಡಿನ ತೂಕದ ಯಂತ್ರ ಎರಡು ಕಿಲೋ ಎಂಬತ್ತು ಗ್ರಾಂ ತೋರಿಸಿತು. ತಿಂಗಳ ತಪಾಸಣೆಗೆ ಬಂದಿದ್ದ ರಿಪೇರಿಯವನು ಬಟ್ಟು ತೆಗೆದ. ಸೊನ್ನೆ. ಮತ್ತೆ ಇಟ್ಟ. ಮತ್ತೆ ಎಂಬತ್ತು ಗ್ರಾಂ ಹೆಚ್ಚು.

ಅರ್ಧ ಗಂಟೆಯ ಹಿಂದೆ ಇದೇ ತಟ್ಟೆಯಲ್ಲಿ ಒಂದು ಹೆಣ್ಣುಕೂಸು ಎರಡು ಕಿಲೋ ಹತ್ತು ಗ್ರಾಂ ತೂಗಿತ್ತು. ದಿನ ತುಂಬುವ ಮೊದಲೇ ಹುಟ್ಟಿ, ನಲವತ್ತೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಕಳೆದ ಕೂಸು. ಎರಡು ಕಿಲೋ ಆದ ದಿನ ಮನೆಗೆ ಎಂದಿದ್ದರು ಡಾಕ್ಟರು. ಬಾಗಿಲ ಬಳಿಯ ಬೆಂಚಿನ ಮೇಲೆ ತಾಯಿ ಚೀಲ ತುಂಬಿಸಿಕೊಂಡು ಕೂತಿದ್ದಳು. ಹಳದಿ ಟೋಪಿಯನ್ನು ಮಡಿಲಲ್ಲಿ ಮಡಿಸುವುದು, ಬಿಡಿಸುವುದು, ಅದೇ ಕೆಲಸ. ಪೆಟ್ಟಿಗೆಯ ತೂತಿನೊಳಗೆ ಕೈ ತೂರಿಸಿ ಮುಟ್ಟಿದ್ದಳೇ ಹೊರತು ಮಗುವನ್ನು ಒಂದು ರಾತ್ರಿಯೂ ಪಕ್ಕದಲ್ಲಿ ಮಲಗಿಸಿಕೊಂಡವಳಲ್ಲ.

"ಏನ್ ಮೀಟರ್ ಮಾಮ, ಮುಖ ಯಾಕೆ ಹಂಗಾಯ್ತು?" ಎಂದಳು ಸಿಸ್ಟರ್.

"ತಪ್ಪು ನಂದೇ ಸಿಸ್ಟರ್." ಅವನು ದನಿ ತಗ್ಗಿಸಿದ. "ಮಗು ಕೈಕಾಲು ಆಡಿಸತ್ತೆ, ಅಂಕಿ ನಿಲ್ಲಲ್ಲ, ಬೇಗ ತೋರಿಸೋ ಹಂಗೆ ಮಾಡಿ ಅಂದ್ರಲ್ಲ ನೀವು? ಹೋದ ವಾರ ಮಾಡ್ಕೊಟ್ಟೆ. ಸೆಕೆಂಡಿಗೆ ಹತ್ತು ಸಲ ಅಳೀತಿದ್ದ ಒಳಗಿನ ಚಿಪ್ ಈಗ ಸಾವಿರ ಸಲ ಅಳೆಯತ್ತೆ. ಅಳೆದಾಗಲೆಲ್ಲ ಅದು ರೆಫರೆನ್ಸ್ ವೋಲ್ಟೇಜಿಂದ, ಅಂದ್ರೆ ತೂಕ ಹೋಲಿಸಿ ನೋಡೋ ಅಳತೆಕೋಲಿಂದ, ಒಂದೊಂದು ಗುಟುಕು ಕರೆಂಟ್ ಹೀರತ್ತೆ. ಅಷ್ಟು ಕೊಡೋ ತಾಕತ್ತು ಅದಕ್ಕಿಲ್ಲ, ಕುಗ್ಗತ್ತೆ. ಅಳತೆಕೋಲೇ ಕುಗ್ಗಿದ್ರೆ ಎಲ್ಲಾ ಉದ್ದವಾಗೇ ಕಾಣಲ್ವಾ?"

ಖಾಲಿ ತಟ್ಟೆಗೆ ಸೊನ್ನೆ ಬರುತ್ತಿದ್ದುದರಿಂದ ಯಾರಿಗೂ ಅನುಮಾನವೇ ಬಂದಿರಲಿಲ್ಲ. ಸಿಸ್ಟರ್ ಮೇಜಿನ ಮೇಲಿದ್ದ, ಸಹಿಯಾದ ಡಿಸ್ಚಾರ್ಜ್ ಕಾಗದವನ್ನು ನೋಡಿದಳು. ಅವನು ಬೆಂಚಿನ ಕಡೆ ನೋಡಿದ. ಇನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅವರು ಹೊರಟುಹೋಗುತ್ತಿದ್ದರು. ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಲ್ಯಾಪ್‌ಟಾಪ್ ಜೋಡಿಸಿ ಸಾವಿರವನ್ನು ಮತ್ತೆ ಹತ್ತು ಮಾಡಿದ. ಬಟ್ಟು ಸರಿಯಾಗಿ ಎರಡು ಕಿಲೋ ತೂಗಿತು.

"ಅಮ್ಮಾ, ಮಗೂನ ಇನ್ನೊಂದ್ಸಲ ಮಲಗಿಸ್ತೀರಾ?"

ತಾಯಿ ಪಕ್ಕದ ತೊಟ್ಟಿಲಿಂದ ಮಗುವನ್ನೆತ್ತಿ ನಗುನಗುತ್ತಲೇ ತಟ್ಟೆಯಲ್ಲಿ ಮಲಗಿಸಿದಳು. ಅಂಕಿ ಏರಿತು, ಇಳಿಯಿತು, ತಡವರಿಸಿತು. ನಿಂತಾಗ ಒಂದು ಕಿಲೋ ಒಂಬೈನೂರ ಮೂವತ್ತು. ರಿಪೇರಿಯವನು ಎಲ್ಲವನ್ನೂ ಒಪ್ಪಿಕೊಂಡ. ಬೇಗ ಅಳೆಯಲು ಹೋಗಿ ಹೀಗಾಯಿತೆಂದ, ಕೈಮುಗಿದ. ಸಿಸ್ಟರ್ ತಾಯಿಯ ಬೆನ್ನು ಸವರಿ, "ಇನ್ನೊಂದು ನಾಲ್ಕು ದಿನ ಅಷ್ಟೇ ಕಣಮ್ಮ" ಎಂದಳು.

ತಾಯಿ ಅಳಲಿಲ್ಲ, ರೇಗಲಿಲ್ಲ. ತಟ್ಟೆಯಿಂದ ಎತ್ತಿಕೊಂಡಾಗ ಮಗುವಿನ ತಲೆಗೆ ಹಾಕಿದ್ದ ಹಳದಿ ಟೋಪಿಯನ್ನು ಮೆಲ್ಲಗೆ ಬಿಚ್ಚಿದಳು. ಲ್ಯಾಪ್‌ಟಾಪಿನ ಪರದೆಯನ್ನು ಒಂದು ಗಳಿಗೆ ನೋಡಿದಳು.

"ಅಣ್ಣಾ, ಇವತ್ತೊಂದು ದಿನದ ಮಟ್ಟಿಗೆ ಅದನ್ನ ಮತ್ತೆ ಬೇಗ ಮಾಡಕ್ಕಾಗಲ್ವಾ?"