ಗೆರೆ

"ಇನ್ನೊಂದ್ ಸಲ ಒತ್ತಮ್ಮ, ಜೋರಾಗಿ," ಎಂದ ರೇಷನ್ ಅಂಗಡಿಯ ಲೋಹಿತ್. ಇಂದ್ರಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜಿ ಮತ್ತೆ ಮಿಷನ್ನಿನ ಗಾಜಿನ ಮೇಲಿಟ್ಟಳು. ಮತ್ತದೇ ಕೆಂಪು ದೀಪ. ಒಂದೊಂದಾಗಿ ಹತ್ತು ಬೆರಳೂ ಮುಗಿದವು. ಅವಳ ಹಿಂದೆ ಸಾಲಿನಲ್ಲಿ ಯಸಳೂರಿನ ಅರ್ಧ ಊರೇ ಚೀಲ ಹಿಡಿದು ಗೊಣಗುತ್ತಿತ್ತು.

ಲೋಹಿತ್ ಅವಳ ಕೈ ಎಳೆದು ಬೆಳಕಿಗೆ ಹಿಡಿದ. ಬೆರಳ ತುದಿಗಳು ಸಿಪ್ಪೆ ತೆಗೆದ ಕಾಫಿ ಬೀಜದ ಹಾಗೆ ನುಣ್ಣಗಾಗಿದ್ದವು. "ಗೆರೇನೇ ಇಲ್ವಲ್ಲಮ್ಮ! ಏನ್ ಕೆಲ್ಸ ಮಾಡ್ತೀಯ?"

"ದನದ್ ಬದ್ಲು ಕಾಫಿ ಸಿಪ್ಪೇಲೇ ಚರ್ಮ ಮಾಡೋ ಫ್ಯಾಕ್ಟ್ರಿ ಐತಲ್ಲ, ಅಲ್ಲಿ ಕಣಪ್ಪ. ಸಿಪ್ಪೆನ ಔಷ್ದಿ ನೀರಲ್ಲಿ ಕಿವುಚೋದು. ಎಲ್ಲಾ ಗಿಡದ್ದೇ, ಬರಿಗೈಲಿ ಮಾಡಿದ್ರೂ ಏನೂ ಆಗಲ್ಲ ಅಂದಿದ್ರು." ಅವಳು ದನಿ ತಗ್ಗಿಸಿದಳು. "ಕಾರ್ಡಲ್ಲಿ ಇರೋಳು ನಾನೊಬ್ಳೇ. ಮನೇಲಿ ಒಂದ್ ಕಾಳಿಲ್ಲ. ಅಕ್ಕಿ ಕೊಟ್ಬುಡು ಮಾರಾಯ."

"ನೀನು ಇಂದ್ರಮ್ಮನೇ ಅಂತ ನಂಗೊತ್ತು. ಮಿಷನ್ ಒಪ್ಬೇಕಲ್ಲ?" ಲೋಹಿತ್ ಕೈ ಬಿಟ್ಟು, ಮುಂದಿನವರನ್ನು ಕರೆದ.

ಇಂದ್ರಮ್ಮ ಖಾಲಿ ಚೀಲ ಮಡಚಿ, ಹೆಗಲಿನ ಕಂದು ಬ್ಯಾಗಿಗೆ ತುರುಕತೊಡಗಿದಳು. ಲೋಹಿತ್‌ನ ಕಣ್ಣು ಅಲ್ಲೇ ನಿಂತಿತು. "ಚೆನ್ನಾಗೈತಲ್ಲಮ್ಮ ಬ್ಯಾಗು!"

"ಗೌರಿಹಬ್ಬಕ್ಕೆ ಫ್ಯಾಕ್ಟ್ರಿಯೋರು ಕೊಟ್ಟಿದ್ದು. ನಾವು ಕಿವುಚಿದ ಸಿಪ್ಪೇದೇ."

ಅವನು ಬಗ್ಗಿ ಬ್ಯಾಗಿನ ಮೇಲೆ ಹೆಬ್ಬೆರಳಾಡಿಸಿದ. "ಸಿಪ್ಪೇದಾ? ಸುಮ್ನಿರಮ್ಮ. ಒಂದೊಂದ್ ಗೆರೆನೂ ಹೆಂಗೆ ಎದ್ದು ಕಾಣ್ತೈತೆ ನೋಡು. ಥೇಟ್ ಜೀವ ಇರೋರ ಚರ್ಮ!"